ಎಡವುವ ಕುದುರೆ ಮತ್ತು ಸವೆದ ಲಾಳ

ಕುದುರೆ ಎಡವಿದರೆ ಚಾಬೂಕಿನ ಪೆಟ್ಟು ಬೀಳುವುದು ಕುದುರೆಗೇ. ಇದು ಬಹಳ ಹಳೆಯ ರೂಢಿ. ಸವಾರ ಜೀನಿನ ಮೇಲೆ ಉಳಿದರೆ ಒಂದು ಪೆಟ್ಟು, ನೆಲಕ್ಕೆ ಬಿದ್ದರೆ ಹತ್ತು. ಮತ್ತೆ ಮತ್ತೆ ಎಡವಿದರೆ ಅದಕ್ಕೆ ಎಡವುವ ಕುದುರೆ ಎಂಬ ಹೆಸರು ಅಂಟಿಕೊಳ್ಳುತ್ತದೆ, ಸಂತೆಯಲ್ಲಿ ಬೆಲೆ ಇಳಿಯುತ್ತದೆ, ಒಬ್ಬ ಯಜಮಾನನಿಂದ ಇನ್ನೊಬ್ಬನಿಗೆ ದಾಟುತ್ತಾ ಕೊನೆಗೆ ಯಾವುದೋ ಬಂಡಿಯ ನೊಗದಡಿಯಲ್ಲಿ ಅದರ ಆಯುಸ್ಸು ಮುಗಿಯುತ್ತದೆ. 'ಎಡವಿದ ಕಾಲೇ ಎಡವುವುದು' ಎಂದು ಗಾದೆಯೂ ಹುಟ್ಟಿಕೊಂಡಿದೆ. ಆದರೆ ಆ ಕಾಲು ಯಾಕೆ ಎಡವುತ್ತದೆ ಎಂದು ಬಗ್ಗಿ ನೋಡಿದವರೂ ಚರಿತ್ರೆಯಲ್ಲಿದ್ದಾರೆ. ಅವರಲ್ಲಿ ಕೆಲವರು ಕನ್ನಡದಲ್ಲಿ ಬರೆದರು, ಕೆಲವರು ಅರಬಿ, ಪಾರ್ಸಿ, ಉರ್ದುವಿನಲ್ಲಿ ಬರೆದರು. ಬಹಳ ಮಂದಿ ಏನನ್ನೂ ಬರೆಯಲಿಲ್ಲ. ಅವರು ಸುತ್ತಿಗೆ, ಉಳಿ, ಅರ ಹಿಡಿದು ಕೂತ ನಾಲಬಂದರು. ಅವರೆಲ್ಲರ ಹುಡುಕಾಟದ ಕತೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ನಾವಿದನ್ನು ಬರೆಯುತ್ತಿರುವುದು ಮಂಗಳೂರಿನ ದೇರೆಬೈಲಿನಲ್ಲಿ ಕುಳಿತು. ಕುದುರೆಯ ವಿಚಾರಕ್ಕೆ ಇದೆಂಥ ಜಾಗ ಎಂದು ಓದುಗರಿಗೆ ಅನ್ನಿಸಬಹುದು. ಹೆಸರೇ ಹೇಳುವಂತೆ ಇದು ಬೈಲು. ಗದ್ದೆಯ ತಗ್ಗು, ಸುತ್ತ ಮುರಕಲ್ಲಿನ ಗುಡ್ಡ. ದೇರೆಬೈಲ್, ಕೊಂಚಾಡಿ, ಕಾವೂರು, ಬೋಂದೆಲ್ ಎಲ್ಲವೂ ಹೀಗೆಯೇ ಏರುತ್ತಾ ಇಳಿಯುತ್ತಾ ಹೋಗುವ ನೆಲ. ಇಂದು ಗದ್ದೆಗಳ ಜಾಗದಲ್ಲಿ ಮನೆಗಳು, ಬಹುಮಹಡಿ ಕಟ್ಟಡಗಳು ಎದ್ದಿವೆ. ಆದರೆ ಮಳೆ ಹಾಗೆಯೇ ಇದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುತ್ತದೆ. ಇಲ್ಲಿನ ಮಕ್ಕಳು ಕುದುರೆಯನ್ನು ಹತ್ತಿರದಿಂದ ನೋಡುವುದು ಒಂದೋ ಮೆರವಣಿಗೆಯಲ್ಲಿ, ಇಲ್ಲವೇ ಪಣಂಬೂರಿನ ಕಡಲ ತೀರದಲ್ಲಿ. ಹಾಗಿದ್ದರೂ ಕನ್ನಡ ನಾಡಿನ ಕುದುರೆಗಳ ಚರಿತ್ರೆಯನ್ನು ಈ ಕರಾವಳಿಯನ್ನು ಬಿಟ್ಟು ಬರೆಯಲಾಗುವುದಿಲ್ಲ. ಘಟ್ಟದ ಮೇಲಿನ ಸಾಮ್ರಾಜ್ಯಗಳಿಗೆ ಅರಬಿ ಕುದುರೆ ಬಂದಿಳಿಯುತ್ತಿದ್ದುದು ಇಲ್ಲಿನ ಬಂದರುಗಳಲ್ಲಿ. ಮಂಗಳೂರು, ಭಟ್ಕಳ, ಹೊನ್ನಾವರ ಎಲ್ಲವೂ ಕುದುರೆಯ ಬಾಗಿಲುಗಳಾಗಿದ್ದವು.

ಬಾಗಿಲಿನಲ್ಲಿ ಕುದುರೆ ಇಳಿಯಿತೇ ಹೊರತು ಮನೆಯೊಳಗೆ ನಿಲ್ಲಲಿಲ್ಲ. 1342ರ ಸುಮಾರಿಗೆ ಈ ತೀರದಲ್ಲಿ ಸಾಗಿದ ಇಬ್ನ್ ಬತೂತಾ ಮಂಗಳೂರನ್ನು 'ಮಂಜರೂರು' ಎಂದು ಬರೆದ. ಪರ್ಶಿಯಾ ಮತ್ತು ಯಮನಿನ ವರ್ತಕರು ಹೆಚ್ಚಾಗಿ ಬಂದಿಳಿಯುವ ಊರು ಇದು, ಇಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರು ತಮ್ಮದೇ ಕೇರಿಯಲ್ಲಿ ಇದ್ದಾರೆ ಎಂದ. ಅದೇ ಪ್ರವಾಸ ಕಥನದಲ್ಲಿ ಅವನು ಮಲಬಾರ್ ಸೀಮೆಯ ಬಗ್ಗೆ ಇನ್ನೊಂದು ಮಾತು ಹೇಳುತ್ತಾನೆ. ಇಲ್ಲಿ ಯಾರೂ ಪ್ರಾಣಿಯ ಮೇಲೆ ಕೂತು ಪ್ರಯಾಣ ಮಾಡುವುದಿಲ್ಲ, ಕುದುರೆ ಇರುವುದು ರಾಜನಿಗೆ ಮಾತ್ರ, ಉಳ್ಳವರು ಡೋಲಿಯಲ್ಲಿ ಹೋಗುತ್ತಾರೆ, ಉಳಿದವರು ನಡೆಯುತ್ತಾರೆ, ವರ್ತಕರ ಸರಕನ್ನು ಕೂಲಿಯಾಳುಗಳು ಬೆನ್ನ ಮೇಲೆ ಹೊರುತ್ತಾರೆ ಎಂದು. ನೂರು ವರ್ಷಗಳ ಬಳಿಕ, 1442ರಲ್ಲಿ, ತೈಮೂರಿ ಬಾದಶಹ ಶಾರುಖನ ರಾಯಭಾರಿ ಅಬ್ದುರ‍್ರಝಾಕ್ ಸಮರ್ಕಂದಿ ಹೊರ್ಮುಜಿನಿಂದ ಹಡಗು ಹತ್ತಿ ಕಲ್ಲಿಕೋಟೆಗೆ ಬಂದ. ಮರುವರ್ಷ ಮಂಗಳೂರಿಗೆ ಬಂದು ಘಟ್ಟ ಹತ್ತಿ ವಿಜಯನಗರ ತಲುಪಿದ. ಅರಬಿ ಕುದುರೆಗಳು ಹಿಡಿಯುತ್ತಿದ್ದುದೂ ಇಂಥ ದಾರಿಗಳನ್ನೇ.

ವಿಜಯನಗರದ ಅರಸರಿಗೆ ಕುದುರೆ ಎಷ್ಟು ಬೇಕಾಗಿತ್ತೆಂದರೆ, 1535ರ ಸುಮಾರಿಗೆ ಬರೆದ ಪೋರ್ಚುಗೀಸ್ ವರ್ತಕ ನುನೀಜ್, ಅರಸ ವರ್ಷಕ್ಕೆ ಹದಿಮೂರು ಸಾವಿರ ಹೊರ್ಮುಜ್ ಕುದುರೆ ಮತ್ತು ನಾಡತಳಿಗಳನ್ನು ಕೊಳ್ಳುತ್ತಾನೆ ಎನ್ನುತ್ತಾನೆ. ಅವನೇ ಸಾಳುವ ನರಸಿಂಹನ ಕಾಲದ ಒಂದು ಸಂಗತಿಯನ್ನೂ ದಾಖಲಿಸಿದ್ದಾನೆ. ಸಾವಿರ ಪರ್ದಾವಿಗೆ ಮೂರರಂತೆ ಕುದುರೆಗಳನ್ನು ಸತ್ತಿರಲಿ ಬದುಕಿರಲಿ ಕೊಳ್ಳಲಾಗುತ್ತಿತ್ತು. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಗೆ ಕೊಟ್ಟಷ್ಟೇ ಹಣ ಸಂದಾಯವಾಗುತ್ತಿತ್ತು. ಬಾಲಕ್ಕೂ ಹಣ ಕೊಟ್ಟವರು ಕಾಲಿನ ಬಗ್ಗೆ ಎಷ್ಟು ಯೋಚಿಸಿದರು?

ಇದನ್ನು ಕೇಳಿದ ಇಬ್ಬರು ಹೊರಗಿನವರಿದ್ದಾರೆ. 13ನೇ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೊ, ಈಗಿನ ತಮಿಳು ಕರಾವಳಿಯಾದ ಮಅಬರಿನ ಬಗ್ಗೆ ಬರೆಯುತ್ತಾ, ಅಲ್ಲಿನ ಅರಸ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಂಡರೂ ವರ್ಷದ ಕೊನೆಗೆ ನೂರೂ ಉಳಿಯುವುದಿಲ್ಲ ಎನ್ನುತ್ತಾನೆ. ಕಾರಣವನ್ನೂ ಕೊಡುತ್ತಾನೆ. ಅಲ್ಲಿ ಲಾಳ ಕಟ್ಟುವವರಿಲ್ಲ, ಕುದುರೆ ನೋಡಿಕೊಳ್ಳುವುದು ಹೇಗೆಂದು ಗೊತ್ತಿಲ್ಲ, ಕುದುರೆ ಮಾರುವ ವರ್ತಕರು ತಮ್ಮ ಜೊತೆ ಲಾಳದವರನ್ನು ಕರೆತರುವುದೂ ಇಲ್ಲ, ಬೇರೆಯವರು ಹೋಗಲು ಬಿಡುವುದೂ ಇಲ್ಲ. ಕುದುರೆ ಬೇಗ ಸತ್ತರೆ ಅವರಿಗೆ ಮುಂದಿನ ವರ್ಷದ ವ್ಯಾಪಾರ ಇದ್ದೇ ಇದೆ. ಒಳ್ಳೆಯ ಗಂಡು ಕುದುರೆ, ಒಳ್ಳೆಯ ಹೆಣ್ಣು ಕುದುರೆಗೆ ಹುಟ್ಟಿದರೂ ಮರಿ ಕಾಲು ಸೊಟ್ಟಗಾಗಿ, ಸವಾರಿಗೆ ಬಾರದ್ದಾಗಿರುತ್ತದೆ ಎಂದೂ ಬರೆದ. ಅಲ್ಲಿ ಕುದುರೆಗೆ ಅನ್ನ, ಬೇಯಿಸಿದ ಮಾಂಸ ಕೊಡುತ್ತಿದ್ದರಂತೆ.

ಇನ್ನೊಬ್ಬ ಪಾರ್ಸಿ ಇತಿಹಾಸಕಾರ ವಸ್ಸಾಫ್. 14ನೇ ಶತಮಾನದ ಆರಂಭದಲ್ಲಿ ಬರೆದ ಅವನು ಸವಾರಿಯ ರೀತಿಯನ್ನೇ ಹಿಡಿದು ಬೈಯುತ್ತಾನೆ. ಹಡಗಿನಿಂದ ಇಳಿದ ಕುದುರೆಯನ್ನು ಇವರು ನಲವತ್ತು ದಿನ ಹಗ್ಗ ಗೂಟಗಳಲ್ಲಿ ಕಟ್ಟಿ ಹಾಕಿ ಹುರಿದ ಬಾರ್ಲಿ, ಬೆಣ್ಣೆ ಹಾಕಿದ ಕಾಳು, ಕಾಯಿಸಿದ ಹಾಲು ಕೊಟ್ಟು ಕೊಬ್ಬಿಸುತ್ತಾರೆ, ಆಮೇಲೆ ಪಳಗಿಸದೆಯೇ ಏಕಾಏಕಿ ಹತ್ತಿ ದೆವ್ವ ಹಿಡಿದವರಂತೆ ಓಡಿಸುತ್ತಾರೆ, ಚುರುಕಾದ ಕುದುರೆ ಕೆಲವೇ ದಿನಗಳಲ್ಲಿ ನಿಶ್ಶಕ್ತವಾಗಿ ಮಂಕಾಗುತ್ತದೆ ಎಂದು.

ಪರದೇಶಿಗಳ ಮಾತಿನಲ್ಲಿ ತಾತ್ಸಾರ ಇದ್ದೇ ಇರುತ್ತದೆ. ಅದನ್ನು ಕಳೆದು ನೋಡಿದರೂ ಉಳಿಯುವುದು ಕಡಿಮೆಯೇನಲ್ಲ. ತಿಂಗಳುಗಟ್ಟಲೆ ಕಟ್ಟಿ ಹಾಕಿದ ಕುದುರೆಯ ಸ್ನಾಯು ಸೋತಿರುತ್ತದೆ, ಗೊರಸು ಸವೆಯದೆ ಉದ್ದ ಬೆಳೆದಿರುತ್ತದೆ, ಮೈ ಭಾರವಾಗಿರುತ್ತದೆ. ಅಂಥದ್ದನ್ನು ಒಮ್ಮೆಲೇ ಓಡಿಸಿದರೆ ಅದು ಎಡವದೆ ಇರುವುದಾದರೂ ಹೇಗೆ? ಅಕ್ಕಿ ಮತ್ತು ತೌಡಿನಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಅದನ್ನೇ ತಿಂದು ಬೆಳೆದ ಕುದುರೆಯ ಮೂಳೆಯಿಂದ ಸುಣ್ಣ ಕರಗಿ ಹೋಗುತ್ತದೆ, ಇಂದು ಈ ಕಾಲು ನಾಳೆ ಆ ಕಾಲು ಎಂಬಂತೆ ಕುಂಟುತ್ತದೆ ಎಂಬುದು ಇಂದಿನ ಪಶುವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಮಾರ್ಕೊ ಪೋಲೊ ನೋಡಿದ ಸೊಟ್ಟ ಕಾಲಿನ ಮರಿಗಳ ಹಿಂದೆ ಇಂಥದ್ದೊಂದು ಕಾರಣ ಇದ್ದೀತು. ತಪ್ಪು ಕುದುರೆಯ ಹುಟ್ಟಿನಲ್ಲಿರಲಿಲ್ಲ, ಅದರ ಮುಂದಿಟ್ಟ ಬೋಗುಣಿಯಲ್ಲಿತ್ತು.

ಹಾಗೆಂದು ಈ ನಾಡಿಗೆ ಕುದುರೆಯ ವಿದ್ಯೆಯೇ ಇರಲಿಲ್ಲ ಎನ್ನುವಂತಿಲ್ಲ. ಶಾಲಿಹೋತ್ರನ ಹೆಸರಿನಲ್ಲಿ ಸಂಸ್ಕೃತದಲ್ಲಿ ಬೆಳೆದ ಅಶ್ವಶಾಸ್ತ್ರ ಬಹಳ ಹಳೆಯದು. ಕನ್ನಡದಲ್ಲಿ 12ನೇ ಶತಮಾನದಲ್ಲೇ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ದನಗಳ ಚಿಕಿತ್ಸೆಯ ಬಗ್ಗೆ 'ಗೋವೈದ್ಯ' ಬರೆದ. 1400ರ ಸುಮಾರಿಗೆ ಅಭಿನವಚಂದ್ರ 'ಅಶ್ವವೈದ್ಯ' ಬರೆದ. ಅದೇ ಕಾಲಕ್ಕೆ ಇತ್ತ ಕಲಬುರಗಿಯಲ್ಲಿ, ಬಹಮನಿಗಳ ಆಶ್ರಯದಲ್ಲಿ, ಅಬ್ದುಲ್ಲಾ ಇಬ್ನ್ ಸಫೀ ಎಂಬವನು ಶಾಲಿಹೋತ್ರನ ವಿದ್ಯೆಯನ್ನು ಪಾರ್ಸಿಗೆ ತಂದ. ಹಿಂದೂ ಅರಸರೂ ಮುಸ್ಲಿಂ ಸುಲ್ತಾನರೂ ಕೃಷ್ಣಾ ತುಂಗಭದ್ರೆಯ ನಡುವಿನ ನೆಲಕ್ಕಾಗಿ ಕಾದಾಡುತ್ತಿದ್ದ ವರ್ಷಗಳಲ್ಲೇ ಅವರ ಕುದುರೆಗಳಿಗೆ ಮದ್ದು ಹೇಳುವ ಪುಸ್ತಕಗಳು ಒಂದೇ ಮೂಲದಿಂದ ನೀರು ಕುಡಿಯುತ್ತಿದ್ದವು. ಅರಬಿಯಲ್ಲಿ ಕುದುರೆ ವೈದ್ಯನಿಗೆ ಬೈತಾರ್ ಎನ್ನುತ್ತಾರೆ. 14ನೇ ಶತಮಾನದಲ್ಲಿ ಈಜಿಪ್ಟಿನ ಸುಲ್ತಾನ ನಾಸಿರ್ ಮುಹಮ್ಮದನ ಅಶ್ವಶಾಲೆಯ ವೈದ್ಯ ಅಬೂಬಕರ್ ಅಲ್‌ ಬೈತಾರ್ ಬರೆದ ಗ್ರಂಥ ಆ ವಿದ್ಯೆಯ ದೊಡ್ಡ ಆಕರ. ಆದರೆ ಉರ್ದುವಿನಲ್ಲಿ ಬೈತಾರ್ ಎಂಬುದಕ್ಕಿಂತ ಹೆಚ್ಚು ಬಳಕೆಗೆ ಬಂದ ಮಾತು 'ಸಾಲೋತ್ರಿ'. ಅದು ಬೇರೇನಲ್ಲ, ನಮ್ಮ ಶಾಲಿಹೋತ್ರನೇ. ಬ್ರಿಟಿಷರ ಕಾಲದ ದೇಶೀ ಕುದುರೆ ಪಡೆಗಳಲ್ಲೂ ಕುದುರೆ ವೈದ್ಯನನ್ನು ಸಾಲೋತ್ರಿ ಎಂದೇ ಕರೆಯುತ್ತಿದ್ದರು.

ಸಾಲ ಒಂದೇ ಕಡೆಯಿಂದ ಆದದ್ದಲ್ಲ. ಕನ್ನಡದವರು ಕುದುರೆ ಹತ್ತುವಾಗ ಬಳಸುವ ಮಾತುಗಳನ್ನು ಒಮ್ಮೆ ಎಣಿಸಿ ನೋಡಿ. ಜೀನು, ಲಗಾಮು, ರಿಕಾಪು, ಚಾಬೂಕು, ಸವಾರ. ಎಲ್ಲವೂ ಪಾರ್ಸಿ ಅರಬಿಗಳಿಂದ ಬಂದವು. ಲಾಳ ಎಂಬ ಮಾತೂ ಅರಬಿಯ 'ನಅಲ್' ಎಂಬುದರ ಬಂಧು. ಇತ್ತ ಗೊರಸು, ಲಾಯ, ಕಡಿವಾಣ, ಹುರುಳಿ ನಮ್ಮವಾಗಿಯೇ ಉಳಿದವು. ಕುದುರೆ ಮಾತ್ರ ತನ್ನ ಗೊರಸು ಕನ್ನಡದ್ದು, ಲಾಳ ಅರಬಿಯದು ಎಂದು ಒಂದು ದಿನವೂ ತಕರಾರು ಮಾಡಿದ್ದಿಲ್ಲ.

ಈ ಹಳೆಯ ಪುಸ್ತಕಗಳಲ್ಲಿ ಎರಡು ಬಗೆಯ ತಿಳಿವಳಿಕೆ ಪಕ್ಕಪಕ್ಕದಲ್ಲೇ ಇದೆ. ಒಂದು, ಕುದುರೆಯ ಮೈಮೇಲಿನ ಸುಳಿಗಳನ್ನು ನೋಡಿ ಭವಿಷ್ಯ ಹೇಳುವುದು. ಹಣೆಯಲ್ಲಿ ಇಂಥ ಸುಳಿ ಇದ್ದರೆ ಯಜಮಾನನಿಗೆ ಕೇಡು, ಕುತ್ತಿಗೆಯಲ್ಲಿ ಇಂಥದ್ದಿದ್ದರೆ ಭಾಗ್ಯ ಎಂದು. 18ನೇ ಶತಮಾನದ ಕೊನೆಯಲ್ಲಿ ಉರ್ದು ಕವಿ ಸಆದತ್ ಯಾರ್ ಖಾನ್ ರಂಗೀನ್ ಪದ್ಯದಲ್ಲಿ ಬರೆದ 'ಫರಸ್‌ನಾಮಾ'ದಲ್ಲೂ ಈ ಸುಳಿ ಶಾಸ್ತ್ರಕ್ಕೆ ದೊಡ್ಡ ಜಾಗವಿದೆ. ಇನ್ನೊಂದು, ಕಾಲು ಹಿಡಿದು ನೋಡುವುದು. ಊತ ಎಲ್ಲಿದೆ, ಬಿಸಿ ಎಲ್ಲಿದೆ, ಮೆಟ್ಟುವಾಗ ಯಾವ ಕಡೆ ಭಾರ ಹಾಕುತ್ತದೆ ಎಂದು ಪರೀಕ್ಷಿಸುವುದು. ಎಡವುವ ಕುದುರೆಯ ಹಣೆಬರಹ ಈ ಎರಡರಲ್ಲಿ ಯಜಮಾನ ಯಾವುದನ್ನು ನಂಬುತ್ತಾನೆ ಎಂಬುದರ ಮೇಲೆ ನಿಂತಿತ್ತು. ಸುಳಿ ನಂಬಿದವನು ಅದನ್ನು ಮಾರಿ ಕೈ ತೊಳೆದುಕೊಂಡ. ಕಾಲು ನೋಡಿದವನು ಬಹಳ ಸಲ ಗುಣಪಡಿಸಿಕೊಂಡ. ಹುಟ್ಟಿನ ಗುರುತು ನೋಡಿ ಗುಣ ಹೇಳುವ ಚಟ ಕುದುರೆ ಸಂತೆಯೊಂದಿಗೆ ಮುಗಿದುಹೋಗಲಿಲ್ಲ ಎಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಕಾಲು ನೋಡುವವರು ಏನನ್ನು ನೋಡುತ್ತಾರೆ? ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಲೇಖಕ ಕ್ಸೆನೊಫೋನ್ ಕುದುರೆ ಕೊಳ್ಳುವವನಿಗೆ ಬುದ್ಧಿ ಹೇಳುತ್ತಾ ಮೊದಲು ಪಾದ ನೋಡು ಎಂದ. ತಳಪಾಯ ಕೆಟ್ಟ ಮನೆಯ ಮೇಲ್ಮಹಡಿ ಎಷ್ಟು ಚಂದವಿದ್ದರೇನು ಎಂಬುದು ಅವನ ವಾದ. ಕುದುರೆಯ ಗೊರಸು ಎಂದರೆ ಒಂದೇ ಒಂದು ಬೆರಳಿನ ಉಗುರು. ನಾಲ್ಕೂವರೆ ಕ್ವಿಂಟಾಲ್ ತೂಕದ ಪ್ರಾಣಿ ನಾಲ್ಕು ಬೆರಳುಗಳ ಮೇಲೆ ನಿಂತಿರುತ್ತದೆ. ಅದರಲ್ಲೂ ಅರ್ಧಕ್ಕಿಂತ ಹೆಚ್ಚು ಭಾರ ಮುಂಗಾಲುಗಳ ಮೇಲಿರುತ್ತದೆ. ಸವಾರ ಹತ್ತಿದ ಮೇಲೆ ಇನ್ನಷ್ಟು. ಹೆಜ್ಜೆ ಎತ್ತುವಾಗ ಗೊರಸು ತನ್ನ ತುದಿಯ ಮೇಲೆ ಉರುಳಿ ನೆಲ ಬಿಡಬೇಕು. ಉಗುರು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಲಾಳ ಕಟ್ಟಿದ ಗೊರಸು ಸವೆಯುವುದೂ ಇಲ್ಲ. ಆರರಿಂದ ಎಂಟು ವಾರಕ್ಕೊಮ್ಮೆ ಲಾಳ ತೆಗೆದು ಕೊರೆದು ಮತ್ತೆ ಕಟ್ಟದಿದ್ದರೆ ಗೊರಸಿನ ತುದಿ ಮುಂದಕ್ಕೆ ಚಾಚುತ್ತದೆ, ಹಿಮ್ಮಡಿ ಕುಸಿಯುತ್ತದೆ. ತನ್ನ ಅಳತೆಗಿಂತ ಎರಡು ಇಂಚು ಉದ್ದದ ಚಪ್ಪಲಿ ಹಾಕಿ ಓಡಿದ ಹುಡುಗ ಏನಾಗುತ್ತಾನೋ ಕುದುರೆಯೂ ಅದೇ ಆಗುತ್ತದೆ. ಎಡವುವ ಕುದುರೆಗಳಲ್ಲಿ ಎಷ್ಟೋ ಇಷ್ಟು ಸಣ್ಣ ಕಾರಣಕ್ಕೆ ಎಡವುತ್ತವೆ.

ಅಬುಲ್ ಫಜಲನ 'ಆಯಿನೆ ಅಕ್ಬರಿ'ಯಲ್ಲಿ ಬಾದಶಾಹಿ ಲಾಯದ ಕುದುರೆಗಳಿಗೆ ವರ್ಷಕ್ಕೆ ಎರಡು ಸಲ ಲಾಳ ಎಂಬ ಲೆಕ್ಕವಿದೆ. ಒಂದು ಜೊತೆ, ಅಂದರೆ ನಾಲ್ಕು ಲಾಳಕ್ಕೆ, ಮೊದಲು ಎಂಟು ದಾಮು ಇದ್ದುದು ಆಮೇಲೆ ಹತ್ತು ದಾಮು ಆಯಿತು. ಅಕ್ಬರನ ಲಾಯದಲ್ಲೇ ಆರು ತಿಂಗಳಿಗೊಮ್ಮೆ ಹೊಸ ಲಾಳ ಎಂದಾದರೆ ಸಾಧಾರಣ ಸಿಪಾಯಿಯ ಕುದುರೆಯ ಪಾಡು ಹೇಗಿದ್ದಿರಬಹುದು ಎಂದು ಊಹಿಸಬಹುದು.

ಅನುಭವಸ್ಥ ನಾಲಬಂದ ಕುದುರೆಯ ಕಾಲಿಗಿಂತ ಮೊದಲು ಕಳಚಿದ ಹಳೆಯ ಲಾಳವನ್ನು ಕೈಗೆತ್ತಿಕೊಳ್ಳುತ್ತಾನೆ. ಸವೆದ ಲಾಳ ಸುಳ್ಳು ಹೇಳದ ಸಾಕ್ಷಿ. ಮುಂಗಾಲಿನ ಲಾಳದ ತುದಿ ಮಾತ್ರ ತೆಳ್ಳಗಾಗಿದ್ದರೆ ಕುದುರೆ ಹಿಮ್ಮಡಿ ಊರಲು ಹೆದರುತ್ತಿದೆ ಎಂದು ಅರ್ಥ. ಆರೋಗ್ಯದ ಕುದುರೆ ಸಾಮಾನ್ಯವಾಗಿ ಹಿಮ್ಮಡಿ ಮೊದಲು ಊರುತ್ತದೆ, ಇಲ್ಲವೇ ಪಾದವನ್ನು ಸಪಾಟಾಗಿ ಇಡುತ್ತದೆ. ಗೊರಸಿನ ಒಳಗೆ ಹಿಂಭಾಗದಲ್ಲಿ ದೋಣಿಯ ಆಕಾರದ ಒಂದು ಪುಟ್ಟ ಮೂಳೆ ಇದೆ, ಅದರ ಮೇಲೆ ಹಾದುಹೋಗುವ ದಪ್ಪ ನರಹುರಿಯಿದೆ. ಅಲ್ಲಿ ನೋವಿದ್ದರೆ ಪ್ರಾಣಿ ತುದಿಗಾಲಲ್ಲಿ ನಡೆಯುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ, ಸಣ್ಣ ಕಲ್ಲಿಗೂ ಮುಗ್ಗರಿಸುತ್ತದೆ. ಇಂದಿನ ಪಶುವೈದ್ಯರು ಇದನ್ನು ಖಚಿತಪಡಿಸಿಕೊಳ್ಳಲು ಪಾದಕ್ಕೆ ಹೋಗುವ ನರದ ಪಕ್ಕ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನಡೆಸಿ ನೋಡುತ್ತಾರೆ. ನೋವು ಹೋದ ಕೂಡಲೇ ನಡಿಗೆ ಸರಿಯಾದರೆ ಕಳ್ಳ ಸಿಕ್ಕಿಬಿದ್ದಂತೆ. ಹಿಂಗಾಲಿನ ಲಾಳದ ತುದಿ ಸವೆದಿದ್ದರೆ ಕುದುರೆ ಕಾಲು ಎತ್ತದೆ ಎಳೆಯುತ್ತಿದೆ. ಆಗ ಸಂಶಯ ಮೊಣಕಾಲು, ಸೊಂಟ, ಬೆನ್ನುಹುರಿಯ ಕಡೆ ತಿರುಗಬೇಕು.

ಆಮೇಲೆ ಬೆನ್ನಿನ ಸರದಿ. ಜೀನು ಹೆಗಲಿನ ಮೂಳೆಗೆ ಒತ್ತಿದರೆ ಕುದುರೆ ಮುಂಗಾಲನ್ನು ಪೂರ್ತಿ ಚಾಚಲಾರದು. ಅಲ್ಲಿಂದ ಕಣ್ಣು. ಮತ್ತೆ ಮತ್ತೆ ಕೆರಳುವ ಕಣ್ಣುರಿಯಿಂದ ದೃಷ್ಟಿ ಮಂಜಾದ ಕುದುರೆ ನೆರಳು ಬೆಳಕಿನ ಗಡಿಯಲ್ಲಿ ಎಡವುತ್ತದೆ. ಕೊನೆಗೆ ಸವಾರ. ಮುಂದಕ್ಕೆ ಬಾಗಿ, ಭಾರವನ್ನೆಲ್ಲ ಕುತ್ತಿಗೆಯ ಬುಡಕ್ಕೆ ಹಾಕಿ, ಲಗಾಮು ಸಡಿಲ ಬಿಟ್ಟು ಎತ್ತಲೋ ನೋಡುತ್ತಾ ಕೂತವನ ಕುದುರೆ ಎಡವಿದರೆ ಆಶ್ಚರ್ಯವಿಲ್ಲ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಕನ್ನಡದಲ್ಲಿ ಹೇಳುತ್ತೇವೆ. ಉರ್ದುವಿನಲ್ಲಿ ಅದೇ ಮಾತು ಅಂಗಳ ಸೊಟ್ಟ ಎಂದಾಗುತ್ತದೆ. ಸವಾರರ ಭಾಷೆಯಲ್ಲಿ ಮಾತ್ರ ಅದು ಕುದುರೆ ಸೊಟ್ಟ ಎಂದಾಗಿದೆ.

ಹಾಗೆಂದು ನೆಲ ಎಂದೂ ಡೊಂಕಿಲ್ಲ ಎಂದಲ್ಲ. ದೇರೆಬೈಲಿನಂಥ ಕಡೆ ನೆಲದ್ದೂ ಪಾಲಿದೆ. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಓಡಾಡಿದ ಫ್ರಾನ್ಸಿಸ್ ಬುಕಾನನ್ ನಮ್ಮ ಮುರಕಲ್ಲನ್ನು ಗಮನಿಸಿ, 1807ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟ. ಲ್ಯಾಟಿನ್ನಿನಲ್ಲಿ ಲೇಟರ್ ಎಂದರೆ ಇಟ್ಟಿಗೆ. ಒಣಗಿದಾಗ ಅರದಂತೆ ಒರಟು, ಮಳೆಗಾಲದಲ್ಲಿ ಪಾಚಿ ಹಿಡಿದು ಜಾರುವ ನೆಲ ಅದು. ನಾಲ್ಕು ತಿಂಗಳು ನೀರಿನಲ್ಲೇ ನಿಂತ ಗೊರಸು ಮೆತ್ತಗಾಗುತ್ತದೆ, ಅಂಗಾಲು ಕೊಳೆಯುತ್ತದೆ, ಲಾಳದ ಮೊಳೆ ನಿಲ್ಲುವುದಿಲ್ಲ. ಮರಳುಗಾಡಿನ ಒಣ ನೆಲದಲ್ಲಿ ಹುಟ್ಟಿದ ಪ್ರಾಣಿಗೆ ಈ ಬೈಲು ಎಂದೂ ಒಗ್ಗಲಿಲ್ಲ. ಇಬ್ನ್ ಬತೂತಾನಿಗೆ ಡೋಲಿಗಳು ಕಂಡದ್ದರ ಹಿಂದೆ ಇದೂ ಒಂದು ಕಾರಣವಿದ್ದೀತು.

ಬೈಲಿನಲ್ಲಿ ಇನ್ನೂ ಒಂದು ಅಪಾಯ ಅಡಗಿತ್ತು. ಅದನ್ನು ಹಿಡಿಯಲು 20ನೇ ಶತಮಾನ ಬರಬೇಕಾಯಿತು. ಹಿಂದೂಸ್ತಾನದ ಕುದುರೆಗಳಿಗೆ ಬರುವ 'ಕುಮ್ರಿ' ಎಂಬ ಕಾಯಿಲೆಯ ಬಗ್ಗೆ ಈಸ್ಟ್ ಇಂಡಿಯಾ ಕಂಪೆನಿಯ ಕಾಲದ ಪಶುವೈದ್ಯರೇ ಬರೆದಿದ್ದಾರೆ. ಕಮರ್ ಎಂದರೆ ಸೊಂಟ. ಅದರಿಂದ ಬಂದ ಹೆಸರು ಇದು. ನಿನ್ನೆ ತನಕ ಸರಿಯಾಗಿದ್ದ ಕುದುರೆಯ ಹಿಂಭಾಗ ಓಲಾಡುತ್ತದೆ, ಹಿಂಗಾಲಿನ ತುದಿ ನೆಲಕ್ಕೆ ಉಜ್ಜುತ್ತದೆ, ತಿರುಗುವಾಗ ಕಾಲಿಗೆ ಕಾಲು ತೊಡರುತ್ತದೆ. ಕಾಲು ಹಿಡಿದು ನೋಡಿದರೆ ನೋವಿಲ್ಲ, ಊತವಿಲ್ಲ. ಕೆಟ್ಟ ಗಾಳಿ, ತಂಡಿ, ಮಳೆ ಎಂದೆಲ್ಲ ಕಾರಣ ಹೇಳಿದರು. ಮಳೆಗೆ ಸಂಬಂಧವಿದೆ ಎಂಬ ಊಹೆ ಪೂರ್ತಿ ಸುಳ್ಳೂ ಆಗಿರಲಿಲ್ಲ. 1950ರ ದಶಕದ ಆರಂಭದಲ್ಲಿ ಇನ್ನೆಸ್, ಶೋಹೊ ಮೊದಲಾದ ಸಂಶೋಧಕರು ನಿಜವಾದ ಕಾರಣವನ್ನು ಮುಂದಿಟ್ಟರು. ದನಗಳ ಹೊಟ್ಟೆಯ ಪೊರೆಯಲ್ಲಿ ಸೆಟೇರಿಯಾ ಎಂಬ ದಾರದಂಥ ಹುಳು ಇರುತ್ತದೆ. ದನಕ್ಕೆ ಅದರಿಂದ ಅಷ್ಟೇನೂ ತೊಂದರೆಯಿಲ್ಲ. ಅದರ ಮರಿಗಳು ದನದ ರಕ್ತದಿಂದ ಸೊಳ್ಳೆಗೆ ಹೋಗುತ್ತವೆ, ಸೊಳ್ಳೆ ಕುದುರೆಯನ್ನು ಕಚ್ಚಿದಾಗ ಅಲ್ಲಿಗೆ ದಾಟುತ್ತವೆ. ಕುದುರೆಯ ಮೈ ಅವಕ್ಕೆ ಪರಕೀಯ ಮನೆ. ದಾರಿ ತಪ್ಪಿದ ಹುಳು ಬೆನ್ನುಹುರಿಗೆ ನುಗ್ಗಿ ಅಲ್ಲಿ ಗಾಯ ಮಾಡುತ್ತದೆ. ಕೆಲವೊಮ್ಮೆ ಕಣ್ಣಿನ ನೀರಿಗೂ ಬರುತ್ತದೆ. ಕುದುರೆಯ ಕಣ್ಣಿನಲ್ಲಿ ಈಜುವ ಹುಳುವನ್ನು ನಮ್ಮ ಹಳೆಯ ಸಾಲೋತ್ರಿಗಳು ಕಂಡಿದ್ದರು. ಆದರೆ ಕಣ್ಣಿನ ಹುಳುವಿಗೂ ಸೊಂಟದ ಓಲಾಟಕ್ಕೂ ಇರುವ ನಂಟು ಕಾಣಲು ಸೂಕ್ಷ್ಮದರ್ಶಕ ಬೇಕಾಯಿತು. ದನ, ನಿಂತ ನೀರು, ಸೊಳ್ಳೆ, ಪಕ್ಕದಲ್ಲೊಂದು ಲಾಯ. ಬೈಲಿನ ಊರುಗಳಲ್ಲಿ ಈ ನಾಲ್ಕೂ ಒಟ್ಟಾಗುವುದು ಎಷ್ಟು ಸುಲಭ!

ಹೀಗೆಯೇ ಇನ್ನೊಂದು ಕಾಯಿಲೆ 'ಸುರ್ರಾ'. ಜ್ವರ, ರಕ್ತಹೀನತೆ, ಕಾಲೂತ, ಮೈ ಸೋತು ಎಡವುವುದು, ಕೊನೆಗೆ ಸಾವು. 1880ರಲ್ಲಿ ದೇರಾ ಇಸ್ಮಾಯಿಲ್ ಖಾನಿನಲ್ಲಿದ್ದ ಪಶುವೈದ್ಯ ಗ್ರಿಫಿತ್ ಇವಾನ್ಸ್ ಕಾಯಿಲೆ ಬಿದ್ದ ಕುದುರೆ ಒಂಟೆಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ. ಅದರಲ್ಲಿ ಚಾಟಿಯಂತೆ ಬಳುಕುವ ಜೀವಿಗಳಿದ್ದವು. ಇವೇ ರೋಗದ ಮೂಲ ಎಂದು ಅವನು ಹೇಳಿದಾಗ ಅಂದಿನ ದೊಡ್ಡ ವಿಜ್ಞಾನಿಗಳು ಒಪ್ಪಲಿಲ್ಲ. ಮುಂದೆ ಅವನ ಮಾತೇ ನಿಜವಾಯಿತು, ಆ ಜೀವಿಗೆ ಅವನ ಹೆಸರೇ ಬಂತು. ರಕ್ತ ಹೀರುವ ನೊಣಗಳು ಅದನ್ನು ಹರಡುತ್ತವೆ. ಅಲ್ಲಿಯವರೆಗೆ ಅದೆಷ್ಟು ಸುರ್ರಾ ಹಿಡಿದ ಕುದುರೆಗಳು ಸೋಮಾರಿ ಎಂಬ ಬೈಗಳು ತಿಂದು ಸತ್ತವೋ.

ಕಾಲಿನ ನೋವೋ ಬೆನ್ನುಹುರಿಯ ಕೇಡೋ ಎಂದು ಗುರುತಿಸಲು ಸರಳ ಪರೀಕ್ಷೆಗಳಿವೆ. ಕುದುರೆಯನ್ನು ಸಣ್ಣ ವೃತ್ತದಲ್ಲಿ ತಿರುಗಿಸಬೇಕು, ತಲೆ ಎತ್ತಿ ಹಿಡಿದು ಇಳಿಜಾರಿನಲ್ಲಿ ನಡೆಸಬೇಕು, ನಡೆಯುವಾಗ ಬಾಲವನ್ನು ಒಂದು ಬದಿಗೆ ಮೆಲ್ಲಗೆ ಎಳೆದು ನೋಡಬೇಕು. ನೋವಿನ ಕುದುರೆ ಪ್ರತಿ ಹೆಜ್ಜೆಗೂ ಒಂದೇ ತರ ಕುಂಟುತ್ತದೆ. ನರ ಕೆಟ್ಟ ಕುದುರೆಗೆ ತನ್ನ ಕಾಲು ಎಲ್ಲಿದೆಯೆಂದೇ ತಿಳಿಯುವುದಿಲ್ಲ, ಹೆಜ್ಜೆ ಒಮ್ಮೆ ಹೀಗೆ ಒಮ್ಮೆ ಹಾಗೆ. ಓಡುವ ಕುದುರೆಯ ಕಾಲುಗಳನ್ನು ಮನುಷ್ಯನ ಕಣ್ಣು ಹಿಂಬಾಲಿಸಲಾರದು ಎಂಬುದನ್ನು 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಸಾಲು ಕ್ಯಾಮೆರಾಗಳಿಂದ ತೋರಿಸಿಕೊಟ್ಟ. ಸಾವಿರಾರು ವರ್ಷ ಚಿತ್ರಕಾರರು ಬರೆದ ಓಟದ ಭಂಗಿ ತಪ್ಪು ಎಂದು ಅಂದು ಜಗತ್ತಿಗೆ ಗೊತ್ತಾಯಿತು. ಅಂದು ಅಷ್ಟು ದೊಡ್ಡ ಸಿದ್ಧತೆ ಬೇಕಾದ ಕೆಲಸವನ್ನು ಇಂದು ಜೇಬಿನ ಮೊಬೈಲು ಮಾಡುತ್ತದೆ. ನಡಿಗೆಯನ್ನು ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿದರೆ ಯಾವ ಕಾಲು, ಎಷ್ಟನೇ ಹೆಜ್ಜೆ, ತುದಿಯೋ ಹಿಮ್ಮಡಿಯೋ ಎಲ್ಲವೂ ಕಾಣುತ್ತದೆ.

ಇಷ್ಟಾಗಿಯೂ ಯಂತ್ರವೊಂದರಿಂದಲೇ ಕೆಲಸ ನಡೆಯುವುದಿಲ್ಲ. ಬಿಸಿಯಾದ ಗೊರಸನ್ನು ಅಂಗೈಯಿಂದ ಗುರುತಿಸುವ, ಲಾಳದ ಸದ್ದು ಕೇಳಿ ಯಾವ ಕಾಲು ಹಗುರವಾಗಿ ಬೀಳುತ್ತಿದೆ ಎಂದು ಹೇಳುವ ಮನುಷ್ಯ ಬೇಕು. ಉತ್ತರ ಕರ್ನಾಟಕದ ಮುಸ್ಲಿಂ ಕುಟುಂಬಗಳಲ್ಲಿ ನಾಲಬಂದ ಎಂಬುದು ಇಂದಿಗೂ ಮನೆತನದ ಹೆಸರು. ಹೆಸರಿನಲ್ಲಿ ಕಸುಬು ಉಳಿದಿದೆ, ಕೈಯಲ್ಲಿ ಅದು ಉಳಿದವರು ಕಡಿಮೆ. ಕುದುರೆ ಹೋದ ಮೇಲೆ ಅವರು ಎತ್ತಿಗೆ ಲಾಳ ಹೊಡೆದರು. ಟ್ರ್ಯಾಕ್ಟರು ಬಂದ ಮೇಲೆ ಎತ್ತೂ ಹೋಯಿತು. ಟಿಪ್ಪುವಿನ ಕಾಲದ ನಂಟಿರುವ ಕುಣಿಗಲ್‌ನ ಕುದುರೆ ಫಾರಂ, ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ, ಬೆಂಗಳೂರು ಮೈಸೂರುಗಳ ರೇಸ್ ಲಾಯಗಳು ಇಂಥ ಕೆಲವೆಡೆ ಈ ವಿದ್ಯೆಗೆ ಬೇಡಿಕೆ ಇದ್ದುಕೊಂಡು ಬಂತು. ರೇಸ್ ಕುದುರೆಗೆ ವೈದ್ಯರಿದ್ದಾರೆ, ಎಕ್ಸರೇ ಇದೆ. ಬೀಚಿನಲ್ಲಿ ಮಕ್ಕಳನ್ನು ಹೊರುವ, ಮೆರವಣಿಗೆಯಲ್ಲಿ ಬ್ಯಾಂಡಿನ ಸದ್ದಿಗೆ ಬೆದರುತ್ತಾ ಡಾಂಬರು ರಸ್ತೆಯಲ್ಲಿ ನಿಲ್ಲುವ ಕುದುರೆಗೆ ನಾಲಬಂದನೇ ವೈದ್ಯ. ಅವನೂ ಇಲ್ಲದಿದ್ದರೆ ಯಾರೂ ಇಲ್ಲ.

ಕುದುರೆಯನ್ನು ಸಾಕಿ ಹೊಟ್ಟೆ ಹೊರೆಯುವವನೂ ಬಡವನೇ ಎಂಬುದನ್ನು ಇಲ್ಲಿ ಮರೆಯಬಾರದು. ಎರಡು ತಿಂಗಳಿಗೊಮ್ಮೆ ಲಾಳ ಬದಲಿಸುವ ಖರ್ಚು ಅವನಿಗೆ ಭಾರ. ಎಡವುವ ಕುದುರೆಯನ್ನು ನಿಲ್ಲಿಸಿದರೆ ಅಂದಿನ ಊಟ ನಿಲ್ಲುತ್ತದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕಾಯಿಲೆಯ, ಗಾಯಗೊಂಡ, ಅಶಕ್ತ ಪ್ರಾಣಿಯಿಂದ ಕೆಲಸ ತೆಗೆಯುವುದನ್ನು ಅಪರಾಧವೆನ್ನುತ್ತದೆ. ಸರಿಯಾದ ಕಾನೂನು. ಆದರೆ ಕಾನೂನು ದಂಡ ಹಾಕಬಲ್ಲದು, ಗೊರಸು ಕೊರೆಯಲಾರದು. ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಶುರುವಾದ ಪಶುವೈದ್ಯ ಕಾಲೇಜಿನಿಂದ ಹಿಡಿದು ಜಿಲ್ಲೆಯ ಪಶು ಆಸ್ಪತ್ರೆಗಳವರೆಗೆ ಬೆಳೆದಿರುವ ವ್ಯವಸ್ಥೆ, ಉಳಿದಿರುವ ನಾಲಬಂದರನ್ನು ಹುಡುಕಿ ಅವರ ಕೈಯ ವಿದ್ಯೆಯನ್ನು ಮಕ್ಕಳಿಗೆ ಕಲಿಸಿದರೆ, ವರ್ಷಕ್ಕೆ ಕೆಲವು ಸಲ ಕಡಲ ತೀರದ ಕುದುರೆಗಳ ಕಾಲು ನೋಡಿದರೆ, ಅದು ಕುದುರೆಗೂ ಅದರ ಬೆನ್ನ ಮೇಲಿನ ಮಗುವಿಗೂ ಅದನ್ನು ನಡೆಸಿಕೊಂಡು ಹೋಗುವವನಿಗೂ ಉಪಕಾರ.

ಬಾಲಕ್ಕೆ ಹಣ ಕೊಟ್ಟ ಅರಸರು, ಸುಳಿ ನೋಡಿ ಮಾರಿದ ಯಜಮಾನರು, ಲಾಳದವರನ್ನು ಬರಗೊಡದ ವರ್ತಕರು ಎಲ್ಲರೂ ಹೋದರು. ಚರಿತ್ರೆ ಬರೆದವರು ಅವರ ಯುದ್ಧಗಳನ್ನೆಲ್ಲ ಬರೆದಿಟ್ಟರು, ಯುದ್ಧಕ್ಕೆ ಹೋದ ಕುದುರೆಯ ಕಾಲನ್ನು ತೊಡೆಯ ಮೇಲಿಟ್ಟು ಕೂತವನ ಹೆಸರು ಎಲ್ಲೂ ಬರೆಯಲಿಲ್ಲ. ಅವನು ಮಾಡಿದ್ದು ಇಷ್ಟೇ. ಎಡವಿದ್ದಕ್ಕೆ ಹೊಡೆಯುವ ಮುಂಚೆ ಲಾಳ ಕಳಚಿ, ತಿರುವಿ ಹಿಡಿದು, ಅದು ಎಲ್ಲಿ ಸವೆದಿದೆ ಎಂದು ನೋಡಿದ. ಕಾರಣ ಅಲ್ಲಿಯೇ ಇತ್ತು.